ಸಿಸ್ಟರ್‌ನ ಕೇಳಿ: ತುರುಬಿಗೂ ತಾಳಿಗೂ ಯಾಕಿಷ್ಟು ರೂಲ್ಸು?

ಹೋದ ಸಲ ಇದೇ ಪುಟದಲ್ಲಿ, ನರ್ಸಿಂಗ್ ಸೇರುವ ಮಕ್ಕಳಿಗೆ ಹಾಸ್ಟೆಲ್‌ಗೆ ಏನೇನು ಕಟ್ಟಿಕೊಡಬೇಕು ಅಂತ ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: "ನೇಲ್ ಪಾಲಿಶ್ ಮನೆಯಲ್ಲೇ ಬಿಟ್ಟು ಹೋಗಿ." ಆ ಒಂದು ಸಾಲಿಗೆ ಬಂದಷ್ಟು ಕಾಗದ, ವಾಟ್ಸಾಪ್ ಮೆಸೇಜು ಈ ಪುಟಕ್ಕೆ ಯಾವತ್ತೂ ಬಂದಿಲ್ಲ. ಉಗುರಿನಿಂದ ಶುರುವಾಗಿ ಕೂದಲು, ಒಡವೆ, ಗಡ್ಡದವರೆಗೂ ಹೋಗಿದ್ದಾರೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಲ್ಲಿ. 1982ರಲ್ಲಿ ನರ್ಸಿಂಗ್ ಶಾಲೆ ಸೇರಿದವಳು. ಅರ್ಧ ಸರ್ವಿಸು ವಾರ್ಡಿನಲ್ಲಿ, ಉಳಿದರ್ಧ ಟ್ಯೂಟರ್ ಆಗಿ. ಈಗ ಹಾಸನದ ಸಾಲಗಾಮೆ ರಸ್ತೆ ಕಡೆ ಮನೆ, ನಾಲ್ಕು ಕುಂಡ ಸೇವಂತಿಗೆ, ಜೊತೆಗೆ ಮಂಡಿನೋವು. ಈ ರೂಲ್ಸಿಗೆ ಬೈಸಿಕೊಂಡವಳೂ ನಾನೇ, ಆಮೇಲೆ ಬೈದವಳೂ ನಾನೇ.

ಪ್ರಶ್ನೆ: ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷ. ಪ್ರತಿ ಸೋಮವಾರ ಪ್ರೇಯರ್ ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ಕೈ ಚಾಚಿಸುತ್ತಾರೆ. ಉಗುರು ಚೂರು ಉದ್ದ ಇದ್ದರೂ 50 ರೂಪಾಯಿ ಫೈನ್. ತುರುಬಿನಿಂದ ನಾಲ್ಕು ಕೂದಲು ಹೊರಗೆ ಬಂದರೆ ಎಲ್ಲರ ಎದುರು ಬೈಗುಳ. ನಾವೇನು ಸ್ಕೂಲ್ ಮಕ್ಕಳಾ? ಇದರಿಂದ ರೋಗಿಗೆ ಏನು ಉಪಯೋಗ?
(ವಿದ್ಯಾರ್ಥಿನಿ, ಹೊಳೆನರಸೀಪುರ ತಾಲ್ಲೂಕು)

ಉತ್ತರ: ಉಗುರಿನ ವಿಷಯದಲ್ಲಿ ನಾನು ನಿಮ್ಮ ಟ್ಯೂಟರ್ ಕಡೆ. ಫೈನ್ ವಿಷಯದಲ್ಲಿ ನಿಮ್ಮ ಕಡೆ.

ಮೊದಲು ಉಗುರು. ಕೈ ತೊಳೆದು ಒರೆಸಿಕೊಳ್ಳಿ. ಒಂದು ಹತ್ತಿ ಉಂಡೆ ತೆಗೆದುಕೊಂಡು ಉಗುರಿನ ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡಿತಾ? ಎಳೆ ಸಿಕ್ಕಿಕೊಂಡ ಜಾಗದಲ್ಲಿ ಕೀವೂ ಸಿಕ್ಕಿಕೊಳ್ಳುತ್ತೆ, ಬೆಡ್‌ಪ್ಯಾನಿನದೂ ಸಿಕ್ಕಿಕೊಳ್ಳುತ್ತೆ. ನಾನು ಟ್ಯೂಟರ್ ಆಗಿದ್ದಾಗ ಸ್ಕೇಲ್ ಹಿಡಿದವಳಲ್ಲ. ಹತ್ತಿ ಉಂಡೆ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆ. ಯಾರ ಬೆರಳಲ್ಲಿ ಎಳೆ ನಿಂತಿತೋ ಅವರೇ ನೋಡಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಬೈಯುವ ಕೆಲಸವೇ ಇರಲಿಲ್ಲ. ಒಂದೊಂದು ಸಲ ಹುಡುಗಿಯರೇ ನನ್ನ ಕೈ ಹಿಡಿದು ಎಳೆದು ನೋಡುತ್ತಿದ್ದರು. ಎರಡು ಸಲ ಸಿಕ್ಕಿಬಿದ್ದಿದ್ದೇನೆ.

ಇದು ನಮ್ಮ ಕಡೆಯ ಮೇಡಂಗಳ ಚಾಳಿ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೈ ಶುಚಿತ್ವದ ಬಗ್ಗೆ ಒಂದು ದೊಡ್ಡ ಮಾರ್ಗಸೂಚಿ ತಂದಿತು. ರೋಗಿಯನ್ನು ಮುಟ್ಟುವವರು ಅಂಟಿಸುವ ಉಗುರು ಹಾಕಲೇಬಾರದು, ಸ್ವಂತ ಉಗುರಿನ ತುದಿ ಅರ್ಧ ಸೆಂಟಿಮೀಟರ್‌ಗಿಂತ ಕಡಿಮೆ ಇರಬೇಕು ಅಂತ ಅದರಲ್ಲಿದೆ. ಅಮೆರಿಕದ ಒಕ್ಲಹೋಮಾದಲ್ಲಿ 1997-98ರಲ್ಲಿ ನವಜಾತ ಶಿಶುಗಳ ಐಸಿಯುನಲ್ಲಿ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹರಡಿ ಕೂಸುಗಳು ತೀರಿಕೊಂಡವು. ತನಿಖೆ ಮಾಡುತ್ತಾ ಹೋದವರು ಕೊನೆಗೆ ನರ್ಸ್‌ಗಳ ಉಗುರಿನ ಹತ್ತಿರ ಬಂದು ನಿಂತರು. ಒಬ್ಬರದು ಉದ್ದ ಉಗುರು, ಇನ್ನೊಬ್ಬರದು ಅಂಟಿಸಿದ್ದು. ಬೇಕು ಅಂತ ಯಾರೂ ಮಾಡಿದ್ದಲ್ಲ. ಕೈ ತೊಳೆದಿದ್ದೇವೆ ಅಂತಲೇ ಅವರೂ ಅಂದುಕೊಂಡಿರುತ್ತಾರೆ ಅಲ್ವಾ? ನೇಲ್ ಪಾಲಿಶ್ ಬೇಡ ಅನ್ನುವುದೂ ಇದಕ್ಕೇ. ಚಕ್ಕೆ ಎದ್ದ ಪಾಲಿಶ್ ಕೆಳಗೆ ಏನಿದೆ ಅಂತ ನಿಮಗೇ ಕಾಣುವುದಿಲ್ಲ.

ಇನ್ನು ತುರುಬು. ಡ್ರೆಸ್ಸಿಂಗ್ ಮಾಡುವಾಗ ಜಡೆ ಮುಂದಕ್ಕೆ ಜಾರುತ್ತೆ. ಎರಡೂ ಕೈಗೆ ಗ್ಲೌಸ್. ಅಭ್ಯಾಸಬಲದಲ್ಲಿ ಕೈ ಮೇಲೆ ಹೋಗುತ್ತೆ, ಜಡೆ ಹಿಂದಕ್ಕೆ ತಳ್ಳುತ್ತೆ. ಅಷ್ಟೇ, ಆ ಗ್ಲೌಸಿನ ಕತೆ ಮುಗಿಯಿತು. ಇನ್ನೊಂದು ಕಾರಣ ಪುಸ್ತಕದಲ್ಲಿ ಬರೆದಿರುವುದಿಲ್ಲ. ನಾನು ಎರಡನೇ ವರ್ಷ ಇದ್ದಾಗ ಆಪರೇಷನ್ ಮುಗಿಸಿ ಅರೆಮಂಪರಿನಲ್ಲಿದ್ದ ಒಬ್ಬ ಗಂಡಸು, ಪಕ್ಕದಲ್ಲಿ ಬಗ್ಗಿ ನಾಡಿ ನೋಡುತ್ತಿದ್ದ ನನ್ನ ಜೊತೆಗಾತಿಯ ಜಡೆ ಹಿಡಿದುಬಿಟ್ಟ. ಪಾಪ, ಅವನಿಗೆ ಪ್ರಜ್ಞೆಯೇ ಇಲ್ಲ, ಹಸುವಿನ ಹಗ್ಗ ಅಂದುಕೊಂಡನೋ ಏನೋ. ಹೋ ಹೋ ಅಂತ ಎಳೆಯುತ್ತಾನೆ. ಬಿಡಿಸಲು ಮೂರು ಜನ ಬೇಕಾಯಿತು. ಅವತ್ತಿನಿಂದ ನಮ್ಮ ಬ್ಯಾಚಿನಲ್ಲಿ ಯಾರೂ ತುರುಬಿನ ಬಗ್ಗೆ ಗೊಣಗಲಿಲ್ಲ.

ಆದರೆ ಕೇಳಿ, ಕೂದಲು ಕಾಲರ್ ಮುಟ್ಟಬಾರದು ಅನ್ನುವುದು ರೂಲು. ತುರುಬೇ ಕಟ್ಟಬೇಕು ಅನ್ನುವುದು ಅಭ್ಯಾಸ. ತಲೆಹೊಟ್ಟು ಜಾಸ್ತಿ ಅಂತ ಬಾಯ್‌ಕಟ್ ಮಾಡಿಸಿಕೊಂಡ ಹುಡುಗಿಯನ್ನು ತಿಂಗಳುಗಟ್ಟಲೆ ಗೋಳಾಡಿಸಿದ ಶಾಲೆ ನಾನು ನೋಡಿದ್ದೇನೆ. ಸೋಂಕಿನ ಲೆಕ್ಕದಲ್ಲಿ ಇಡೀ ಕ್ಲಾಸಿನಲ್ಲಿ ಅವಳ ತಲೆಯೇ ಸರಿಯಾಗಿತ್ತು!

ಫೈನ್ ಬಗ್ಗೆ. ನನಗೂ 1982ರಲ್ಲಿ 2 ರೂಪಾಯಿ ಫೈನ್ ಬಿದ್ದಿತ್ತು, ಏಪ್ರನ್‌ಗೆ ಗಂಜಿ ಕಮ್ಮಿ ಅಂತ. ಮನೆಯಿಂದ ತಿಂಗಳಿಗೆ ಬರುತ್ತಿದ್ದದ್ದೇ 20 ರೂಪಾಯಿ. ಆ 2 ರೂಪಾಯಿ ಎಲ್ಲಿ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ನೀವು ರಸೀದಿ ಕೇಳಿ. ಜಗಳ ಬೇಡ, ಸುಮ್ನೆ ಕೇಳಿ: "ಮೇಡಂ, ಮನೆಗೆ ಲೆಕ್ಕ ಕೊಡಬೇಕು, ರಸೀದಿ ಬೇಕಿತ್ತು." ರಸೀದಿ ಕೊಡಲಾಗದ ಫೈನು ಸಾಮಾನ್ಯವಾಗಿ ಎರಡನೇ ಸಲ ಬೀಳುವುದಿಲ್ಲ. ಎಲ್ಲರ ಎದುರು ಬೈಯುವುದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಬೈಸಿಕೊಂಡು ಕಲಿತವರು ಬೈದೇ ಕಲಿಸುತ್ತಾರೆ. ನಾನೂ ಮೊದಲ ನಾಲ್ಕೈದು ವರ್ಷ ಹಾಗೇ ಇದ್ದೆ.

ಪ್ರಶ್ನೆ: ನನ್ನ ಮಗಳಿಗೆ ಮದುವೆಯಾಗಿ ಆರು ತಿಂಗಳು. ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಬಳೆ, ಉಂಗುರ, ಕಾಲುಂಗುರ ತೆಗಿ, ಕರಿಮಣಿ ಸರ ಕಾಣಬಾರದು ಅನ್ನುತ್ತಾರಂತೆ. ಬೀಗಿತ್ತಿಗೆ ಇದು ಗೊತ್ತಾಗಿ ಮನೆಯಲ್ಲಿ ಮುಖ ಸಿಂಡರಿಸಿಕೊಂಡಿದ್ದಾರೆ. ಬರಿಗೈಯಲ್ಲಿ ಓಡಾಡುವುದು ನನಗೂ ಕಸಿವಿಸಿ. ಏನು ಮಾಡೋಣ?
(ತಾಯಿ, ಬೇಲೂರು)

ಉತ್ತರ: ಅಮ್ಮಾ, ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಮೊಣಕೈಯಿಂದ ಕೆಳಗಿನದೆಲ್ಲಾ ರೋಗಿಗೆ ಸೇರಿದ್ದು. ಅಲ್ಲಿ ನನ್ನ ಹತ್ತಿರ ಚೌಕಾಸಿ ಇಲ್ಲ. ಅದರಿಂದ ಮೇಲಿನದಕ್ಕೆ ಕೂತು ಮಾತಾಡೋಣ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2008ರಿಂದ ಹೆಚ್ಚುಕಮ್ಮಿ ಇದೇ ನಿಯಮ ಇದೆ. ರೋಗಿಯನ್ನು ಮುಟ್ಟುವಾಗ ಮೊಣಕೈ ಕೆಳಗೆ ಅಂಗಿಯ ತೋಳೂ ಇಲ್ಲ, ವಾಚೂ ಇಲ್ಲ, ಹರಳಿಲ್ಲದ ಒಂದು ಸಾದಾ ಉಂಗುರ ಬಿಟ್ಟರೆ ಒಡವೆಯೂ ಇಲ್ಲ. ಡಾಕ್ಟರಿಗೂ ಅಷ್ಟೇ.

ಉಂಗುರ ಯಾಕೆ ಬೇಡ? ನಿಮ್ಮ ಉಂಗುರ ಒಂದು ಸಲ ತೆಗೆದು ಅದರಡಿಯ ಚರ್ಮ ನೋಡಿ. ಬೆಳ್ಳಗೆ, ಮೆತ್ತಗೆ, ಸ್ವಲ್ಪ ಜಿಡ್ಡು. ಎಷ್ಟು ತೊಳೆದರೂ ಅಲ್ಲಿಗೆ ಸೋಪು ಸರಿಯಾಗಿ ಹೋಗುವುದಿಲ್ಲ. ನಮ್ಮ ಕಾಲದಲ್ಲಿ ಗ್ಲೌಸು ಬಿಸಾಕುತ್ತಿರಲಿಲ್ಲ. ತೊಳೆದು, ಬಟ್ಟೆಯ ಹಾಗೆ ಒಣಹಾಕಿ, ನೀರು ತುಂಬಿ ಎಲ್ಲಿ ತೂತಿದೆ ಅಂತ ಹಿಂಡಿ ನೋಡಿ, ಪೌಡರ್ ಹಚ್ಚಿ, ಮತ್ತೆ ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಕಳಿಸುತ್ತಿದ್ದೆವು. ನೀರು ಎಲ್ಲಿಂದ ಚಿಮ್ಮುತ್ತಿತ್ತು ಗೊತ್ತಾ? ಬೆರಳ ತುದಿ, ಇಲ್ಲದಿದ್ದರೆ ಉಂಗುರದ ಬುಡ. ಹರಳಿನ ಉಂಗುರದವರ ಗ್ಲೌಸು ನೋಡಿದ ತಕ್ಷಣ ಹೇಳಬಹುದಿತ್ತು.

ಬಳೆ ಬಗ್ಗೆ ನನ್ನದೇ ತಪ್ಪು ಹೇಳುತ್ತೇನೆ. ಮದುವೆಯಾದ ಹೊಸದು. ಎರಡೆರಡು ಗಾಜಿನ ಬಳೆ ಉಳಿಸಿಕೊಂಡು ಡ್ಯೂಟಿಗೆ ಹೋಗಿದ್ದೆ, ತೋಳಿನೊಳಗೆ ತಳ್ಳಿಕೊಂಡು. ಕೂಸಿಗೆ ಸ್ನಾನ ಮಾಡಿಸುವಾಗ ಬಳೆ ಕೆಳಗೆ ಜಾರಿ ತೊಟ್ಟಿಯ ಅಂಚಿಗೆ ತಾಗಿ ಒಡೆಯಿತು. ಕೂಸಿನ ಭುಜದ ಮೇಲೆ ಒಂದು ಗೆರೆ. ಕೂದಲೆಳೆಯಷ್ಟು ತೆಳು, ರಕ್ತ ಒಂದೇ ಹನಿ. ಬಾಣಂತಿ ಏನೂ ಅನ್ನಲಿಲ್ಲ. ಅವಳ ತಾಯಿ ಮಾತ್ರ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಡ್ಯೂಟಿಗೆ ನಾನು ಬಳೆ ತೊಡಲಿಲ್ಲ.

ಈಗ ತಾಳಿ. ಅದು ಮೊಣಕೈಯಿಂದ ಮೇಲಿದೆ ಅಲ್ವಾ, ಹಾಗಾಗಿ ಮಾತಾಡಬಹುದು. ಸರ ಉದ್ದವಿದ್ದು ಹೊರಗೆ ತೂಗಿದರೆ ಬಗ್ಗಿದಾಗ ಗಾಯದ ಮೇಲೆ ಬೀಳುತ್ತೆ, ಮಗು ಹಿಡಿದು ಎಳೆಯುತ್ತೆ. ಸಮವಸ್ತ್ರದ ಒಳಗೆ ಹಾಕಿಕೊಂಡು, ಒಳಬಟ್ಟೆಗೆ ಒಂದು ಪಿನ್ನು ಚುಚ್ಚಿದರೆ ಯಾರಿಗೂ ತೊಂದರೆ ಇಲ್ಲ. ನಿಮ್ಮ ಮಗಳ ಕಾಲೇಜಿನವರೂ "ಕಾಣಬಾರದು" ಅಂದಿದ್ದಾರೆ, "ತೆಗಿ" ಅಂದಿಲ್ಲ. ಈ ವ್ಯತ್ಯಾಸ ಬೀಗಿತ್ತಿಗೆ ಬಿಡಿಸಿ ಹೇಳಿ. ಆಪರೇಷನ್ ಥಿಯೇಟರ್ ಪೋಸ್ಟಿಂಗ್ ಬಂದಾಗ ಅಲ್ಲಿಯ ನಿಯಮ ಬೇರೆ, ಅಲ್ಲಿ ತೆಗೆದು ಪರ್ಸಿನಲ್ಲಿಡಬೇಕಾಗಬಹುದು. ಕಾಲುಂಗುರ ಮುಚ್ಚಿದ ಶೂ ಒಳಗಿರುತ್ತೆ. ಅದರಿಂದ ಯಾವ ರೋಗಿಗೆ ಏನಾಗುತ್ತೆ ಅಂತ ನನಗಂತೂ ಹೊಳೆದಿಲ್ಲ. ಗೆಜ್ಜೆ ಬೇಡ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಗೆಜ್ಜೆ ಸದ್ದು ಕೇಳಿದರೆ ಜ್ವರದವರು ಬೇರೆ ಏನನ್ನೋ ನೆನೆಸಿಕೊಳ್ಳುತ್ತಾರೆ.

ಬೀಗಿತ್ತಿಯನ್ನು ಒಪ್ಪಿಸಲು ಒಂದು ಉಪಾಯ. ಡ್ಯೂಟಿ ಮುಗಿಸಿ ಮನೆಗೆ ಬಂದ ತಕ್ಷಣ ಕೈಕಾಲು ತೊಳೆದು, ಅವರ ಎದುರೇ ಬಳೆ ತೊಟ್ಟುಕೊಳ್ಳಲಿ. ಇನ್ನೂ ಒಳ್ಳೆಯದು, ಅವರ ಕೈಯಲ್ಲೇ ತೊಡಿಸಿಕೊಳ್ಳಲಿ. ನಮ್ಮತ್ತೆ ಹತ್ತಿರ ನಾನು ಹಾಗೇ ಮಾಡಿದ್ದು. ಒಂದು ವರ್ಷ ಆದ ಮೇಲೆ "ಸೋಪು ಹಾಕದೆ ತೊಡಿಸೋಕೆ ಆಗಲ್ಲ, ನೀನೇ ತೊಟ್ಕೊ ಹೋಗು" ಅಂದರು.

ನೀವು ಕೇಳದ ಒಂದು ಪ್ರಶ್ನೆ ನಾನೇ ಕೇಳಿಕೊಳ್ಳುತ್ತೇನೆ. ಬಳೆ ಬೇಡ ಅನ್ನುವ ಇದೇ ಶಾಲೆಗಳು ಸೆಕೆಂಡ್ ಮುಳ್ಳಿರುವ ಕೈಗಡಿಯಾರ ಕಡ್ಡಾಯ ಮಾಡುತ್ತವೆ. ವಾಚಿನ ಪಟ್ಟಿಯೂ ಒಂದು ಬಳೆಯೇ ತಾನೇ? ಅದರ ಕೆಳಗೂ ಕೊಳೆ ಕೂರುತ್ತೆ. ಎದೆ ಮೇಲೆ ತಲೆಕೆಳಗಾಗಿ ಚುಚ್ಚಿಕೊಳ್ಳುವ ವಾಚು ಸಿಗುತ್ತೆ. ಬಗ್ಗಿ ನೋಡಿದರೆ ನಮಗೆ ನೆಟ್ಟಗೆ ಕಾಣುತ್ತೆ, ಒಂದು ಕೈ ನಾಡಿ ಮೇಲೆ ಇಟ್ಟುಕೊಂಡೇ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬಹುದು. ನಾಡಿ ತಪ್ಪಿ ತಪ್ಪಿ ಬಡಿಯುತ್ತಿದ್ದರೆ ಪೂರ್ತಿ ಒಂದು ನಿಮಿಷ. ಕಾಲೇಜಿನವರು ಒಪ್ಪಿದರೆ ಮಗಳಿಗೆ ಅದನ್ನು ಕೊಡಿಸಿ.

ಪ್ರಶ್ನೆ: ನಮ್ಮದು ಸಕಲೇಶಪುರ. ಮನೆಯಿಂದಲೇ ಬಸ್ಸಲ್ಲಿ ಕಾಲೇಜಿಗೆ ಓಡಾಡುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಳಿ ಸಮವಸ್ತ್ರ ಒಣಗುವುದೇ ಇಲ್ಲ. ಅಗ್ಗಿಷ್ಟಿಕೆ ಮೇಲೆ ಹಾಕಿದರೆ ಹೊಗೆ ವಾಸನೆ, ಹಳದಿ ಬಣ್ಣ. ಮುಗ್ಗಲು ವಾಸನೆ ಅಂತ ಕ್ಲಾಸಿನಿಂದ ಹೊರಗೆ ಕಳಿಸಿದ್ದರು. ದಾರಿ ತೋರಿಸಿ.
(ವಿದ್ಯಾರ್ಥಿನಿ, ಸಕಲೇಶಪುರ)

ಉತ್ತರ: ಅಯ್ಯೋ ಮಗಳೇ. ರೂಲ್ಸು ಬರೆದವರು ನಿಮ್ಮೂರಿನ ಆಷಾಢ ನೋಡಿಲ್ಲ.

ಮಳೆಗಾಲದಲ್ಲಿ ಗಂಜಿ ನಿಲ್ಲಿಸಿ. ಒದ್ದೆ ಗಾಳಿಗೆ ಗಂಜಿ ಬಟ್ಟೆಯೇ ಮೊದಲು ಬೂಸ್ಟು ಹಿಡಿಯುವುದು. ಪೂರ್ತಿ ಹತ್ತಿ ಬೇಡ, ಟೆರಿಕಾಟ್ ತರಹದ ಮಿಶ್ರ ಬಟ್ಟೆ ಹೊಲಿಸಿ, ಅರ್ಧ ಹೊತ್ತಿಗೆ ಒಣಗುತ್ತೆ. ಎರಡು ಜೊತೆ ಸಾಲದು, ಮೂರು ಬೇಕು. ಖರ್ಚು ಹೌದು, ಆದರೆ ಮೂರನೆಯದು ಮುಂದಿನ ವರ್ಷಕ್ಕೂ ಬರುತ್ತೆ. ತೊಳೆದ ಬಟ್ಟೆಯನ್ನು ಒಣಗಿದ ದೊಡ್ಡ ಟವೆಲ್ಲಿನ ಮೇಲೆ ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಕಾಲಿಟ್ಟು ತುಳಿಯಿರಿ. ಅರ್ಧ ನೀರು ಟವೆಲ್ಲಿಗೆ ಹೋಗುತ್ತೆ. ಆಮೇಲೆ ಫ್ಯಾನ್ ಕೆಳಗೆ ಹ್ಯಾಂಗರಿಗೆ ಹಾಕಿ. ಅಗ್ಗಿಷ್ಟಿಕೆ ಬೇಡ. ಬೆಳಗ್ಗೆ ಒಳಗಿನ ಹೊಲಿಗೆಯ ಕಡೆಯಿಂದ ಇಸ್ತ್ರಿ ಮಾಡಿ. ಕಂಕುಳು, ಕಾಲರ್, ಜೇಬಿನ ಮೂಲೆ, ಈ ಮೂರು ಜಾಗ ಒಣಗಿದರೆ ವಾಸನೆ ಬರುವುದಿಲ್ಲ. ಸಮವಸ್ತ್ರವನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿ ಅಲ್ಲೇ ಬದಲಾಯಿಸಿ. ಬಸ್ಸಿನ ಸೀಟಿನ ಕೊಳೆ ವಾರ್ಡಿಗೂ ಬೇಡ, ವಾರ್ಡಿನದು ಬಸ್ಸಿಗೂ ಬೇಡ.

ಕಲೆಗಳ ಬಗ್ಗೆ ಎಲ್ಲರೂ ಕೇಳುತ್ತಾರೆ, ಇಲ್ಲೇ ಹೇಳಿಬಿಡುತ್ತೇನೆ. ರಕ್ತಕ್ಕೆ ತಣ್ಣೀರು. ಬಿಸಿನೀರು ಹಾಕಿದರೆ ಮೊಟ್ಟೆ ಬೆಂದ ಹಾಗೆ ಕಲೆ ಬಟ್ಟೆಗೆ ಕಚ್ಚಿಕೊಳ್ಳುತ್ತೆ. ಕಲೆ ಪೂರ್ತಿ ಹೋದ ಮೇಲೆ ಸೋಪು, ಬಿಸಿನೀರು. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಬೆಟಾಡಿನ್ ಚೆಲ್ಲಿದರೆ ಒಣಗಲು ಬಿಡದೆ ತಣ್ಣೀರಲ್ಲಿ ಉಜ್ಜಿ. ಆದರೂ ಉಳಿದರೆ ಒಂದು ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಹಚ್ಚಿ, ಕಣ್ಣೆದುರೇ ಬಣ್ಣ ಹೋಗುವುದು ನೋಡಲು ಚಂದ. ಜೆನ್ಶಿಯನ್ ವೈಲೆಟ್ ಅನ್ನುವ ನೇರಳೆ ಔಷಧಿ ಬಿದ್ದರೆ ಆಸೆ ಬಿಡಿ. ನನ್ನ ಒಂದು ಸೀರೆ ಅದಕ್ಕೇ ಬಲಿಯಾಗಿ ಕೊನೆಗೆ ಕಿಟಕಿ ಪರದೆ ಆಯಿತು.

ಕ್ಲಾಸಿನಿಂದ ಹೊರಗೆ ಕಳಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ವಾರ್ಡಿಗೆ ಬಿಡದಿದ್ದರೆ ಒಪ್ಪುತ್ತಿದ್ದೆ. ಪಾಠ ಕೇಳಲು ಬಟ್ಟೆ ವಾಸನೆ ಅಡ್ಡ ಬರುವುದಿಲ್ಲ. ಹಾಸ್ಟೆಲ್‌ನಲ್ಲಿ ಡ್ರೈಯರ್ ಇದ್ದರೆ ಡೇ ಸ್ಕಾಲರ್‌ಗಳಿಗೂ ಮಳೆಗಾಲದ ಮೂರು ತಿಂಗಳು ಬಿಡಿ ಅಂತ ನಾಲ್ಕು ಜನ ಸೇರಿ ಅರ್ಜಿ ಕೊಡಿ.

ಪ್ರಶ್ನೆ: ಸರ್, ಮೇಡಂ ಯಾರಾದರೂ ಸರಿ. ನಾನು ಬಿಎಸ್ಸಿ ನರ್ಸಿಂಗ್ ಹುಡುಗ. ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತೇನೆ. ಈ ಸಲ ಆ ಟೈಮಿಗೇ ಐಸಿಯು ಪೋಸ್ಟಿಂಗ್. ಗಡ್ಡ ತೆಗೆಯದಿದ್ದರೆ ಹಾಜರಾತಿ ಕೊಡುವುದಿಲ್ಲ ಅಂದಿದ್ದಾರೆ. ಇದು ಸರಿಯಾ?
(ವಿದ್ಯಾರ್ಥಿ, ಅರಸೀಕೆರೆ)

ಉತ್ತರ: ಮೇಡಂ. ಕಷ್ಟದ ಪ್ರಶ್ನೆ ಕೇಳಿದಿರಿ, ಎರಡು ದಿನ ಯೋಚನೆ ಮಾಡಿದೆ.

ಸಾಮಾನ್ಯ ವಾರ್ಡಿನಲ್ಲಿ ಒಪ್ಪವಾಗಿ ಕತ್ತರಿಸಿದ ಗಡ್ಡದಿಂದ ತೊಂದರೆ ಕಮ್ಮಿ. ಮಾಸ್ಕ್ ಹಾಕಿ ಅಷ್ಟೇ. ಆದರೆ ಐಸಿಯುನಲ್ಲಿ ಬೇಕಾಗಬಹುದಾದ ಎನ್-95 ಮಾಸ್ಕ್ ಬೇರೆ ಜಾತಿ. ಅದು ಕೆಲಸ ಮಾಡುವುದು ಬಟ್ಟೆಯಿಂದ ಮಾತ್ರ ಅಲ್ಲ, ಮುಖಕ್ಕೆ ಸುತ್ತಲೂ ಅಂಟಿ ಕೂರುವುದರಿಂದ. ಅಂಚಿನ ಕೆಳಗೆ ಗಡ್ಡ ಇದ್ದರೆ ಗಾಳಿ ಸಂದಿಯಿಂದ ನುಗ್ಗುತ್ತೆ. ಟಿಬಿ ರೋಗಿಯ ಕಫ ತೆಗೆಯುವಾಗ ಆ ಸಂದಿಯಲ್ಲಿ ಒಳಗೆ ಹೋಗುವುದು ನಿಮ್ಮ ಶ್ವಾಸಕೋಶಕ್ಕೆ. 2020ರಲ್ಲಿ ಕೊರೊನಾ ಬಂದಾಗ ವರ್ಷಗಟ್ಟಲೆ ಗಡ್ಡ ಬಿಟ್ಟಿದ್ದ ನಮ್ಮ ಬ್ರದರ್‌ಗಳು (ಗಂಡು ನರ್ಸ್‌ಗಳು) ಒಂದೇ ವಾರದಲ್ಲಿ ನುಣ್ಣಗೆ ಆಗಿಬಿಟ್ಟರು. ಇಬ್ಬರನ್ನು ನಾನು ಗುರುತೇ ಹಿಡಿಯಲಿಲ್ಲ.

ಹಾಗಾಗಿ ಗಡ್ಡ ತೆಗಿ ಅಂತ ನಾನು ಹೇಳುವುದಿಲ್ಲ. ಪೋಸ್ಟಿಂಗ್ ಬದಲಾಯಿಸಿಕೊಳ್ಳಿ ಅನ್ನುತ್ತೇನೆ. ಮಂಡಲ ವ್ರತ 41 ದಿನ, ಯಾವಾಗ ಶುರು ಅಂತ ನಿಮಗೆ ಮೊದಲೇ ಗೊತ್ತು. ಹಿಂದಿನ ದಿನ ಹೋಗಿ ಕೇಳಿದರೆ ಯಾವ ಮೇಡಂಗೂ ಸಿಟ್ಟು ಬರುತ್ತೆ. ಎರಡು ತಿಂಗಳು ಮುಂಚೆ ಬರೆದುಕೊಡಿ: ಈ ದಿನದಿಂದ ಈ ದಿನದವರೆಗೆ ನನ್ನನ್ನು ಕಮ್ಯುನಿಟಿ ಪೋಸ್ಟಿಂಗ್‌ಗೋ (ಊರೊಳಗೆ ಜನರ ನಡುವೆ ಮಾಡುವ ಡ್ಯೂಟಿ) ಸಾಮಾನ್ಯ ವಾರ್ಡಿಗೋ ಹಾಕಿ, ಐಸಿಯು ಆಮೇಲೆ ಮಾಡುತ್ತೇನೆ, ಇಂಥ ಸಹಪಾಠಿ ಅದಲುಬದಲಿಗೆ ಒಪ್ಪಿದ್ದಾನೆ ಅಂತ. ಅದಲುಬದಲಿಗೆ ಜನ ನೀವೇ ಹುಡುಕಿಕೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ. ಅದೂ ಆಗಲಿಲ್ಲವೆಂದರೆ ನಿಮ್ಮ ಗುರುಸ್ವಾಮಿಯ ಹತ್ತಿರ ಮಾತಾಡಿ. ಕಡಿಮೆ ದಿನದ ಮಾಲೆ ಹಾಕಿ ಹೋಗುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಮಾಲೆ ಶರ್ಟಿನ ಒಳಗಿರಲಿ, ಕರಿ ಪಂಚೆ ಡ್ಯೂಟಿ ಮುಗಿದ ಮೇಲೆ. ಬರಿಗಾಲಲ್ಲಿ ಮಾತ್ರ ವಾರ್ಡಿಗೆ ಬೇಡಪ್ಪ. ನೆಲದ ಮೇಲೆ ಸೂಜಿ ಬಿದ್ದಿರುತ್ತೆ, ಸ್ವಾಮಿ ಅಂತ ಅದಕ್ಕೆ ಗೊತ್ತಾಗಲ್ಲ.

ಪ್ರಶ್ನೆ: ಅಕ್ಕನ ಮದುವೆಗೆ ಎರಡೂ ಕೈಗೆ ಮೆಹಂದಿ ಹಾಕಿಸಿಕೊಂಡೆ. ಬಣ್ಣ ಪೂರ್ತಿ ಹೋಗುವವರೆಗೆ ವಾರ್ಡಿಗೆ ಬರಬೇಡ ಅಂದಿದ್ದಾರೆ. ಹಾಜರಾತಿ ಹೋಗುತ್ತೆ.
(ವಿದ್ಯಾರ್ಥಿನಿ, ಚನ್ನರಾಯಪಟ್ಟಣ)

ಉತ್ತರ: ಗೋರಂಟಿ ಬಣ್ಣ ಚರ್ಮದೊಳಗೆ ಇಳಿದಿರುತ್ತೆ. ಕೈ ತೊಳೆಯುವುದಕ್ಕೆ ಅದು ಅಡ್ಡಿಯಲ್ಲ. ಇದು ನೋಟದ ರೂಲು, ಸೋಂಕಿನದಲ್ಲ. ಪ್ರಿನ್ಸಿಪಾಲರ ಹತ್ತಿರ ಒಬ್ಬರೇ ಹೋಗಬೇಡಿ, ಮದುವೆ ಕರೆಯೋಲೆ ಸಮೇತ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ. ಮುಂದೆ ಮಾತ್ರ ಕಪ್ಪು ಬಣ್ಣ ಬರುವ ಕೋನ್ ಹಾಕಿಸಬೇಡಿ. ಅದರಲ್ಲಿ ಹೇರ್ ಡೈಗೆ ಹಾಕುವ ಪಿಪಿಡಿ ಅನ್ನುವ ರಾಸಾಯನಿಕ ಸೇರಿಸಿರುತ್ತಾರೆ, ಕೆಲವರಿಗೆ ಬೊಬ್ಬೆ ಏಳುತ್ತೆ. ಬೊಬ್ಬೆ ಎದ್ದ ಕೈಯಲ್ಲಿ ನಿಜವಾಗಲೂ ವಾರ್ಡಿಗೆ ಹೋಗುವ ಹಾಗಿಲ್ಲ.

ಪ್ರಶ್ನೆ: ಡ್ಯೂಟಿ ಬಿಡಿ, ಭಾನುವಾರ ಪೇಟೆಗೆ ಹೋಗುವಾಗಲೂ ನಮ್ಮ ಹಾಸ್ಟೆಲ್‌ನಲ್ಲಿ ಜೀನ್ಸ್ ಹಾಕುವ ಹಾಗಿಲ್ಲ, ದುಪಟ್ಟಾಗೆ ಎರಡೂ ಕಡೆ ಪಿನ್ ಇರಬೇಕು. ಮಹಾರಾಜ ಪಾರ್ಕಿನ ಹತ್ತಿರ ಯಾರೋ ನೋಡಿ ವಾರ್ಡನ್‌ಗೆ ಫೋನ್ ಮಾಡಿದ್ದರು. ಇದಕ್ಕೂ ನೈಟಿಂಗೇಲ್ ಹೆಸರು ಹೇಳುತ್ತಾರೆ.
(ಮೂವರು ಗೆಳತಿಯರು, ಹಾಸನ)

ಉತ್ತರ: ಹೇಳುವುದರಲ್ಲಿ ಅರ್ಧ ಸತ್ಯ ಇದೆ, ಅದೇ ತಮಾಷೆ. ಈಗಿನ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನರ್ಸಿಂಗ್ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾದದ್ದು 1860ರಲ್ಲಿ. ಗಾಯಕ್ಕೆ ಕ್ರಿಮಿನಾಶಕ ಹಾಕಬೇಕು ಅಂತ ಜೋಸೆಫ್ ಲಿಸ್ಟರ್ ಅನ್ನುವ ಸರ್ಜನ್ ಪ್ರಕಟಿಸಿದ್ದು 1867ರಲ್ಲಿ. ಅಂದರೆ ನಮ್ಮ ಸಮವಸ್ತ್ರದ ಶಿಸ್ತು ಕ್ರಿಮಿಯ ತಿಳಿವಳಿಕೆಗಿಂತ ಹಳೆಯದು! ಆಗ ನರ್ಸ್ ಅಂದರೆ ಕುಡಿಯುವವರು, ನಡತೆ ಸರಿಯಿಲ್ಲದವರು ಅನ್ನುವ ಹೆಸರಿತ್ತು. ಮರ್ಯಾದಸ್ಥ ಮನೆಯವರು ಹೆಣ್ಣುಮಕ್ಕಳನ್ನು ಕಳಿಸಬೇಕಾದರೆ ಬಟ್ಟೆ, ನಡತೆ, ಓಡಾಟ ಎಲ್ಲಕ್ಕೂ ಕಟ್ಟುನಿಟ್ಟು ಬೇಕಾಯಿತು. ನಮ್ಮಲ್ಲೂ ಅದೇ ಆಯಿತು. ನಾನು ಸೇರುವಾಗ ನಮ್ಮಪ್ಪನಿಗೆ ಊರಿನವರು "ಹೆಣ್ಣು ಮಗೂನ ಕಂಡವರ ಮೈ ತೊಳೆಯೋಕೆ ಕಳಿಸ್ತೀಯಾ" ಅಂದಿದ್ದರು. ಆಗ ಆ ಪಿನ್ನು ನಮ್ಮಂಥವರ ಅಪ್ಪಂದಿರ ಧೈರ್ಯಕ್ಕೆ ಇತ್ತು.

ಈಗ ನಿಮ್ಮ ಅಪ್ಪಂದಿರೇ ಸಾಲ ಮಾಡಿ ಫೀಸು ಕಟ್ಟಿ ಕಳಿಸುತ್ತಿದ್ದಾರೆ. ಭಾನುವಾರದ ಜೀನ್ಸಿಗೂ ರೋಗಿಗೂ ಸಂಬಂಧವಿಲ್ಲ. ಹಾಗಂತ ವಾರ್ಡನ್ ಜೊತೆ ಗೇಟಿನ ಹತ್ತಿರ ವಾದ ಮಾಡಬೇಡಿ, ಅಲ್ಲಿ ಗೆದ್ದವರನ್ನು ನಾನು ನೋಡಿಲ್ಲ. ಅಡ್ಮಿಷನ್ ಹೊತ್ತಿಗೆ ಕೊಟ್ಟ ನಿಯಮದ ಪುಸ್ತಕ ತೆಗೆದು ನೋಡಿ. ಅದರಲ್ಲಿ ಇದು ಬರೆದಿದೆಯಾ? ಬರೆದಿಲ್ಲದಿದ್ದರೆ ಪೋಷಕರ ಸಭೆಯಲ್ಲಿ ನಿಮ್ಮ ಅಮ್ಮಂದಿರು ಕೇಳಲಿ. ಬರೆದಿದ್ದರೆ ನೀವು ಸಹಿ ಹಾಕಿದ್ದೀರಿ, ಮುಂದಿನ ವರ್ಷದ ಪುಸ್ತಕದಿಂದ ತೆಗೆಸಲು ನೋಡಿ. ಫೋನ್ ಮಾಡಿದ ಆ ಮಹಾನುಭಾವರಿಗೆ ಭಾನುವಾರ ಬೇರೆ ಕೆಲಸ ಇರಲಿಲ್ಲವೇನೋ.

ಪ್ರಶ್ನೆ: ನಿಮ್ಮ ಕಾಲದ ಆ ಬಿಳಿ ಟೋಪಿ ಯಾಕೆ ಹೋಯಿತು? ನೋಡಲು ಎಷ್ಟು ಗೌರವ ಬರುತ್ತಿತ್ತು!
(ಓದುಗರು, ಚಿಕ್ಕಮಗಳೂರು)

ಉತ್ತರ: ನೋಡುವವರಿಗೆ ಗೌರವ, ಹಾಕಿಕೊಂಡವರಿಗೆ ತಲೆನೋವು. ನಾಲ್ಕು ಪಿನ್ನು ಚುಚ್ಚಬೇಕು, ಡ್ರಿಪ್ ಸ್ಟ್ಯಾಂಡಿಗೆ ಸಿಕ್ಕಿಕೊಳ್ಳುತ್ತೆ, ಬಗ್ಗಿದರೆ ರೋಗಿಯ ಮೇಲೆ ಬೀಳುತ್ತೆ. ದಿನಾ ಒಗೆಯುತ್ತಿರಲಿಲ್ಲ, ಒಗೆದರೆ ಗಂಜಿ ಹೋಗುತ್ತೆ ಅಂತ. ಕೂದಲನ್ನೂ ಮುಚ್ಚುತ್ತಿರಲಿಲ್ಲ, ಸುಮ್ನೆ ಮೇಲೆ ಕೂತಿರುತ್ತಿತ್ತು. ಹೋದದ್ದು ಒಳ್ಳೆಯದಾಯಿತು. ಆದರೂ ಹೇಳುತ್ತೇನೆ, ದೀಪ ಹಿಡಿದು ಪ್ರತಿಜ್ಞೆ ಮಾಡಿದ ದಿನ ಅದನ್ನು ತಲೆಗೆ ಇಟ್ಟಾಗ ನಮ್ಮಮ್ಮ ಹಿಂದಿನ ಸಾಲಿನಲ್ಲಿ ಎದ್ದು ನಿಂತಿದ್ದಳು. ಆ ಟೋಪಿ ಈಗಲೂ ಟ್ರಂಕಿನಲ್ಲಿದೆ.

ಪ್ರಶ್ನೆ: ನನಗೆ 71 ವರ್ಷ. ಆಸ್ಪತ್ರೆಯಲ್ಲಿ ಈಗ ಒಬ್ಬರು ನೀಲಿ, ಒಬ್ಬರು ಗುಲಾಬಿ, ಒಬ್ಬರು ಹಸಿರು. ನರ್ಸಮ್ಮ ಯಾರು, ಕಸ ಗುಡಿಸುವವರು ಯಾರು ಗೊತ್ತೇ ಆಗುವುದಿಲ್ಲ. ಬಿಳಿಯೇ ಚೆನ್ನಾಗಿರಲಿಲ್ಲವಾ?
(ಹಿರಿಯರು, ಆಲೂರು)

ಉತ್ತರ: ಬಿಳಿ ಚೆನ್ನಾಗಿತ್ತು ಸ್ವಾಮಿ, ಒಗೆಯುವವರನ್ನು ಬಿಟ್ಟು. ಬಣ್ಣ ಆಯಾ ಆಸ್ಪತ್ರೆಯವರು ತಮಗೆ ಬೇಕಾದ ಹಾಗೆ ಇಟ್ಟುಕೊಳ್ಳುತ್ತಾರೆ, ಒಂದು ಕಡೆಯ ನೀಲಿ ಇನ್ನೊಂದು ಕಡೆ ಬೇರೆಯೇ. ಬಣ್ಣ ನೋಡಬೇಡಿ, ಎದೆ ಮೇಲಿನ ಹೆಸರಿನ ಪಟ್ಟಿ ನೋಡಿ. ಅದು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ "ಏನಮ್ಮ ನಿನ್ನ ಹೆಸರು, ಏನು ಕೆಲಸ" ಅಂತ ಧಾರಾಳವಾಗಿ ಕೇಳಿ. ಹೇಳುವುದು ಅವರ ಕೆಲಸ. ಡ್ರೆಸ್ ಕೋಡಿನ ಅಷ್ಟು ಪುಟದಲ್ಲಿ ಹೆಸರು ಕನ್ನಡದಲ್ಲಿ ದಪ್ಪಗೆ ಇರಲಿ ಅಂತ ಒಂದು ಸಾಲು ಸೇರಿಸಿದರೆ ನಾನಂತೂ ಖುಷಿಪಡುತ್ತೇನೆ.

ನನಗೇ ಹೋದ ತಿಂಗಳು ಮಂಡಿ ತೋರಿಸಲು ಹೋದಾಗ ಹೀಗೇ ಆಯಿತು. ಇಷ್ಟು ವರ್ಷ ಸರ್ವಿಸು ಮಾಡಿದವಳು, ನೀಲಿ ಬಟ್ಟೆಯ ಹುಡುಗಿಯನ್ನು "ಸಿಸ್ಟರ್" ಅಂತ ಕರೆದು ಕುಡಿಯುವ ನೀರು ಕೇಳಿದೆ. ಆಕೆ ಲ್ಯಾಬಿನವಳು, ರಕ್ತದ ಟ್ಯೂಬುಗಳ ಟ್ರೇ ಹಿಡಿದು ಓಡುತ್ತಿದ್ದಳು. ಟ್ರೇ ಕೊಟ್ಟು ಬಂದು, ಕೈ ತೊಳೆದುಕೊಂಡು, ಒಂದು ಲೋಟ ನೀರು ತಂದುಕೊಟ್ಟಳು. ಉಗುರು ನೋಡಿದೆ. ಚೆನ್ನಾಗಿ ಕತ್ತರಿಸಿದ್ದಳು.